ಫಾರಿನ್ ಮೇಡಂ ಮತ್ತು ಸೊಪ್ಪಿನಜ್ಜಿಯ ಖಾತೆ

ನಮ್ಮ ಕಚೇರಿಗೆ ಸುಧಾರಣೆ ಆಗಾಗ ಬರುತ್ತೆ, ಕಾಫಿ ಕುಡಿದು ಹೋಗುತ್ತೆ. ಇಪ್ಪತ್ತು ವರ್ಷದಿಂದ ಅದಕ್ಕೆ ಬಿಸ್ಕತ್ತು ತರಿಸಿಕೊಟ್ಟ ಗುಮಾಸ್ತ ನಾನು. ಕಚೇರಿ ಚಾಮರಾಜಪೇಟೆ ಕಡೆ ಅಂತ ಮಾತ್ರ ಹೇಳ್ತೀನಿ. ಇನ್ನೂ ಹೇಳಿದ್ರೆ ಪಿಂಚಣಿಗೆ ಕಲ್ಲು ಬೀಳುತ್ತೆ. ಈ ಸಲ ಬಂದ ಸುಧಾರಣೆ ಮಾತ್ರ ವಿಮಾನ ಹತ್ತಿ ಬಂದಿತ್ತು.

೧. ಕಾಗದವಿಲ್ಲದ ಕಚೇರಿ

ಯೂರೋಪಿನ ಯಾವುದೋ ಊರಿನ ನಗರಸಭೆಗೂ ನಮಗೂ ಒಪ್ಪಂದ ಆಗಿದೆಯಂತೆ. ಅವರ ಅನುಭವ ನಮಗೆ, ನಮ್ಮ ಅನುಭವ ಅವರಿಗೆ. ನಮ್ಮ ಕಚೇರಿ ನೋಡೋಕೆ ಅಲ್ಲಿಂದ ಒಬ್ಬ ಮೇಡಂ ಬರ್ತಾರಂತೆ. ಪತ್ರ ಓದಿದ ಸಾಹೇಬ್ರು ಬೆವರು ಒರೆಸಿಕೊಂಡು, “ನಮ್ಮ ಅನುಭವ ಅವರಿಗೆ ಯಾಕ್ರೀ? ಪಾಪ, ಅವರು ನಮಗೇನು ಅನ್ಯಾಯ ಮಾಡಿದಾರೆ?” ಅಂದರು.

ತೊಂದರೆ ಏನಪ್ಪಾ ಅಂದ್ರೆ, ನಮ್ಮದು ಕಾಗದವಿಲ್ಲದ ಕಚೇರಿ ಅಂತ ಸಾಹೇಬ್ರೇ ವರದಿ ಬರೆದು ಕಳಿಸಿಬಿಟ್ಟಿದ್ದರು. ಹಾಗಾಗಿ ಮೇಡಂ ಬರೋ ದಿನ ಬೆಳಗ್ಗೆ ನಮಗೆಲ್ಲ ಕಾಗದ ಬಚ್ಚಿಡೋ ಕೆಲಸ. ಬೀರು ಮೇಲಿನದು, ಮೇಜಿನ ಕೆಳಗಿನದು, ಕಿಟಕಿಗೆ ಅಡ್ಡ ಇಟ್ಟಿದ್ದು, ಎಲ್ಲ ಫೈಲುಗಳನ್ನೂ ಜೀಪಿಗೆ ತುಂಬಿದೆವು. ಸಾಹೇಬ್ರು ಡ್ರೈವರಿಗೆ, “ಹನುಮಂತನಗರದ ಕಡೆ ಎಲ್ಲಾದ್ರೂ ನೆರಳು ನೋಡಿ ನಿಲ್ಸಿಕೋ. ಫೋನ್ ಮಾಡೋವರೆಗೂ ಈ ಕಡೆ ತಲೆ ಹಾಕ್ಬೇಡ,” ಅಂದರು.

ಡ್ರೈವರ್ ಹಿಂದಕ್ಕೆ ತಿರುಗಿ ಫೈಲುಗಳ ರಾಶಿ ನೋಡಿದ. “ಸಾರ್, ಇವು ನಮ್ಮಾಫೀಸಿಗೆ ಬಂದ್ಮೇಲೆ ಮುಂದಕ್ಕೆ ಹೋಗ್ತಿರೋದು ಇದೇ ಮೊದಲು!”

೨. ಚೀಲಗಳ ಸಾಲು

ಹಿಂದಿನ ಬೀದಿಯ ಒಬ್ಬ ಅಜ್ಜಿ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರ್ತಾರೆ. ಗಂಡ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆಯ ಖಾತೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳೋಕೆ ಎರಡು ವರ್ಷದಿಂದ ನಮ್ಮಲ್ಲಿಗೆ ಅಲೀತಿದ್ದರು. ಖಾತೆ ಆಗದಿದ್ರೆ ಮೈದುನ ತನ್ನನ್ನ ಬೀದಿಗೆ ತಳ್ತಾನೆ ಅನ್ನೋ ಭಯ ಅವರಿಗೆ. ದಾಖಲೆ ಎಲ್ಲ ಸರಿಯಾಗಿತ್ತು, ಸಾಹೇಬ್ರ ಒಂದು ಸಹಿ ಮಾತ್ರ ಬಾಕಿ. ಅಜ್ಜಿ ಬಂದರೆ ನನಗೆ ನಾಚಿಕೆ. ಡ್ರಾಯರಿನಲ್ಲಿ ಏನೋ ಹುಡುಕೋ ನೆಪ ಮಾಡ್ತಿದ್ದೆ.

ಫಾರಿನ್ ಮೇಡಂ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಬಂದುಬಿಟ್ಟರು. ಕೌಂಟರ್ ಮುಂದೆ ಒಂದು ನರಪಿಳ್ಳೆ ಇಲ್ಲ. ನೆಲದ ಮೇಲೆ ಸಾಲಾಗಿ ಚೀಲ, ಹೆಲ್ಮೆಟ್ಟು, ಒಂದು ಇಟ್ಟಿಗೆ, ಒಂಟಿ ಚಪ್ಪಲಿ. ನಮ್ಮ ಜನ ಸರದಿಗೆ ಸಾಮಾನಿಟ್ಟು ಎದುರಿನ ಹೋಟೆಲಲ್ಲಿ ಕಾಫಿ ಕುಡೀತಿದ್ದರು. ಇದು ಹೇಗೆ ಅಂತ ನಾನು ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. ಮೇಡಂ ಮುಖ ಅರಳಿತು. ತಮ್ಮೂರಲ್ಲಿ ಜನ ಚಳಿಯಲ್ಲಿ ನಿಂತು ನಡುಗ್ತಾರಂತೆ, ಈ ಜ್ಞಾನ ಖಂಡಿತ ತಗೊಂಡು ಹೋಗ್ತಾರಂತೆ. ಸಾಹೇಬ್ರು ತಡ ಮಾಡಲಿಲ್ಲ. “ನಮ್ಮದೇ ಯೋಜನೆ, ಮೇಡಂ,” ಅಂದೇಬಿಟ್ಟರು.

ಫೋಟೋಗೆ ಅಂತ ಮೇಡಂ ಮೊದಲನೇ ಚೀಲ ಎತ್ತೋಕೆ ಬಗ್ಗಿದರು. ಫುಟ್‌ಪಾತಿನಿಂದ ಸೊಪ್ಪಿನಜ್ಜಿ ಲೋಟ ಹಿಡಿದುಕೊಂಡೇ ಓಡಿಬಂದು ಕೂಗಿದರು: “ಮುಟ್ಟಬೇಡಿ ಕಣಮ್ಮಾ! ಅದು ನಾನು!”

೩. ಹನ್ನೊಂದು ನಿಮಿಷ

ಒಬ್ಬ ನಾಗರಿಕರ ಕೆಲಸ ಹೇಗೆ ಆಗುತ್ತೆ ಅಂತ ಕಣ್ಣಾರೆ ನೋಡ್ಬೇಕು ಅಂದರು ಮೇಡಂ. ಮೊದಲನೇ ಚೀಲ ಅಜ್ಜಿಯದು, ಆದ್ದರಿಂದ ಅಜ್ಜಿಯನ್ನೇ ಕರೆದರು.

ಸಾಹೇಬ್ರು ಪಿಸುಗುಟ್ಟಿದರು: “ಸುಮ್ನೆ ನಿಂತ್ಕೊಳ್ಳಿ ಅಜ್ಜಿ, ಎಲ್ಲ ನಾವು ನೋಡ್ಕೋತೀವಿ.”

“ಎರಡು ವರ್ಷದಿಂದ ಸುಮ್ನೇ ನಿಂತಿದೀನಲ್ಲಪ್ಪಾ,” ಅಂದರು ಅಜ್ಜಿ.

ಮೇಡಂ ಮೊಬೈಲಿನಲ್ಲಿ ಟೈಮರ್ ಒತ್ತಿದರು. ಅಜ್ಜಿಯ ಫೈಲು ಜೀಪಿಗೆ ಹೋಗಿರಲಿಲ್ಲ. ನಿಜ ಹೇಳ್ತೀನಿ, ನಾನೇ ಹಾಕಿರಲಿಲ್ಲ. ಡ್ರಾಯರಿನಿಂದ ತೆಗೆದು, ಕಾಗದವಿಲ್ಲದ ಕಚೇರೀಲಿ ಉಳಿದಿರೋ ಕಾಗದ ಇದೊಂದೇ ಅಂತ ಮೇಡಂಗೆ ಹೇಳಿ, ಸಾಹೇಬ್ರ ಮುಂದಿಟ್ಟೆ. ಅವರು ಅಭ್ಯಾಸಬಲದಿಂದ, “ಇದರಲ್ಲಿ ಒಂದು ಸಣ್ಣ…” ಅಂತ ಶುರುಮಾಡಿ ತಲೆ ಎತ್ತಿದರು. ಮೇಡಂ ನಗ್ತಾ ನಿಂತಿದ್ದರು. ಬಿತ್ತು ಸಹಿ! ಅಟೆಂಡರ್ ಸೀಲು ಕುಟ್ಟಿದ. ಖಾತಾ ಪತ್ರ ಅಜ್ಜಿ ಕೈಗೆ ಬಂತು. ಒಟ್ಟು ಹನ್ನೊಂದು ನಿಮಿಷ, ಅದರಲ್ಲಿ ಏಳು ನಿಮಿಷ ಸೀಲಿನ ಇಂಕ್ ಪ್ಯಾಡ್ ಹುಡುಕಿದ್ದು. ಮೇಡಂ ಚಪ್ಪಾಳೆ ತಟ್ಟಿ, ತಮ್ಮೂರಲ್ಲಿ ಇದಕ್ಕೆ ಮೂರು ವಾರ ಹಿಡಿಯುತ್ತೆ, ದಯವಿಟ್ಟು ಬಂದು ಕಲಿಸಿಕೊಡಿ ಅಂತ ಸಾಹೇಬ್ರನ್ನ ಕೇಳಿಕೊಂಡು ಹೊರಟರು.

ಅವರ ಕಾರು ತಿರುವು ದಾಟಿತೋ ಇಲ್ಲವೋ, ಸಾಹೇಬ್ರ ಬಣ್ಣ ಬದಲಾಯ್ತು. ಕೈ ಚಾಚಿದರು. “ಅಜ್ಜಿ, ಪತ್ರ ಕೊಡಿ ಇಲ್ಲಿ. ಅದು ಅವರೆದುರಿಗೆ ಸುಮ್ನೆ ಕೊಟ್ಟಂಗೆ ಮಾಡಿದ್ದು. ನಿಮಗಿಂತ ಮುಂಚೆ ಅರ್ಜಿ ಹಾಕಿದವರಿಗೆ ಗೊತ್ತಾದ್ರೆ ನನ್ನ ಪ್ರಾಣ ತಿಂತಾರೆ. ನಿಮ್ಮ ಸರದಿ ಬಂದಾಗ ಕರೀತೀನಿ.”

ನಾನು ಬಾಯಿ ಬಿಡೋಷ್ಟರಲ್ಲಿ ಅಜ್ಜಿ ಪತ್ರವನ್ನ ನಾಲ್ಕು ಮಡಿಕೆ ಮಾಡಿ, ಸೊಂಟದ ಎಲೆಅಡಿಕೆ ಚೀಲದೊಳಗೆ ತುರುಕಿ, ದಾರ ಬಿಗಿದರು.

“ಸಹಿ ನಿಮ್ದೇ ತಾನೇ?”

“ನಂದೇ.”

“ಸೀಲು?”

“ಸೀಲೂ ನಮ್ದೇ. ಆದ್ರೂ ಅಜ್ಜಿ…”

ಅಜ್ಜಿ ತಮ್ಮ ಬರಿಗೈಯನ್ನ ಸಾಹೇಬ್ರ ಅಂಗೈ ಮೇಲಿಟ್ಟು ಗಟ್ಟಿಯಾಗಿ ಒತ್ತಿದರು. “ತಗೊಳ್ಳಿ ಸ್ವಾಮಿ. ನೀವು ಕೊಟ್ಟಂಗೆ ಮಾಡಿದ್ರಿ, ನಾನು ವಾಪಸ್ ಕೊಟ್ಟಂಗೆ ಮಾಡಿದೀನಿ!”