ಶಾಸಕ ಸ್ಟೆನ್‌ಡಾಲ್ ಅವರ ಬೀಳ್ಕೊಡುಗೆ ಊಟದಲ್ಲಿ ಅಪರಾಧ ಎಸಗದಿರುವ ಬಗ್ಗೆ

ಶಾಸನಸಭೆಯ ಸಚಿವಾಲಯ
ಸಂಖ್ಯೆ: ಶಾಸ/ಬೀಳ್ಕೊ/ಊಟ/7
ಉಲ್ಲೇಖ: ಊಟದ ಸಮಿತಿ ಸಭೆಯ ನಡವಳಿ (ಕಾಫಿ ಮುಗಿದಿದ್ದರಿಂದ ಅಪೂರ್ಣ)

ಸುತ್ತೋಲೆ

ಡಕೋಟ ಬಯಲಿನ ಹಾಲ್ವಿಕ್ ಕ್ಷೇತ್ರದ ಶಾಸಕ ಶ್ರೀ ಆರ್ವಿಲ್ ಸ್ಟೆನ್‌ಡಾಲ್ ಅವರು ಈ ಶುಕ್ರವಾರ ನಿವೃತ್ತರಾಗುತ್ತಿದ್ದು, ಸಿಬ್ಬಂದಿಯು ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ಸೂಚಿಸಲಾಗಿದೆ.

1. ಸದರಿಯವರು ಹಿಂದೆ ಪೊಲೀಸರಾಗಿದ್ದು, ತಾವು ಹಿಡಿದ ಕಳ್ಳನೊಬ್ಬ "ಇದು ಯಾವ ಕಾನೂನಲ್ಲಿದೆ, ತೋರ್ಸಿ" ಎಂದು ಕೇಳಿ ಬಿಡುಗಡೆಯಾದ ಸಿಟ್ಟಿಗೆ ಚುನಾವಣೆಗೆ ನಿಂತವರು. ಅಂದಿನಿಂದ, ಒಂದನ್ನು ಬಿಟ್ಟು, ಅವರ ಪ್ರತಿ ಮಸೂದೆಯೂ ರಾಜ್ಯಕ್ಕೆ ಒಂದು ಹೊಸ ಅಪರಾಧವನ್ನು ಒದಗಿಸಿದೆ.

2. ಆದಕಾರಣ, ಗೂಟದಿಂದ ಬೇರೊಬ್ಬರ ಕೋಟು ತೆಗೆದುಕೊಳ್ಳುವುದನ್ನೂ (ಎರಡನೇ ದರ್ಜೆಯ ಅಪರಾಧ), ಬೇರೊಬ್ಬರು ಹಿಮ ಗೋರಿ ತೆರವು ಮಾಡಿದ ಜಾಗದಲ್ಲಿ ಕಾರು ನಿಲ್ಲಿಸುವುದನ್ನೂ (ಮೊದಲನೇ ದರ್ಜೆ) ನಿಷೇಧಿಸಲಾಗಿದೆ. ಕೋಟು ಅದಲುಬದಲಾದಲ್ಲಿ, ಮಾಲೀಕರು ಬರುವವರೆಗೆ ಕೈ ಮೇಲೆತ್ತಿ ನಿಲ್ಲತಕ್ಕದ್ದು.

3. ಊಟದಿಂದ ಇತರರ ಪಾತ್ರೆ ಒಯ್ಯುವುದು ಕಳವು. ಈ ಕಾನೂನೂ ಸದರಿಯವರದೇ. ಕಳೆದ ಚಳಿಗಾಲ, ಎಲ್ಲರೂ ಮನೆಯಿಂದ ಅಡುಗೆ ತರುವ ಚರ್ಚಿನ ಊಟವಾದ ಮೇಲೆ, ನೆರೆಮನೆಯ ಶ್ರೀಮತಿ ವೆರ್ನಾ ಕ್ವಾಲೆಯವರ ಪಾತ್ರೆಯು, ಅದರಲ್ಲಿ ಉಳಿದಿದ್ದ ಆಲೂಗಡ್ಡೆ-ಮಾಂಸದ ಸಮೇತ, ಸದರಿಯವರ ಮನೆ ಸೇರಿತು. ಮಾರನೆಯ ಬೆಳಿಗ್ಗೆ ಅವರೇ ಠಾಣೆಗೆ ಹಾಜರಾದರು. ಠಾಣಾಧಿಕಾರಿಯವರು ಹೇಳಿದ್ದು: "ಪಾತ್ರೆ ತೊಳ್ದು ವಾಪಸ್ ಕೊಡಿ ಸಾರ್, ಮುಗೀತು." ಸದರಿಯವರ ಉತ್ತರ: "ಕಾನೂನು ಬರೆದೋನು ನಾನೇ ಕಣಯ್ಯ. ಹಾಕು ಒಳಗೆ."

4. ಬಿಡಿಸಲು ಬಂದ ಶ್ರೀಮತಿ ಕ್ವಾಲೆಯವರು ಲಾಕಪ್ಪಿನ ಮುಂದೆ ನಿಂತು ಹೇಳಿದ್ದು: "ಅಲ್ಲಯ್ಯಾ ಆರ್ವಿಲ್, ಹೆಂಡ್ತಿ ಹೋದ್ಮೇಲೆ ಸರಿಯಾಗಿ ಉಣ್ತಿಲ್ಲ ಅಂತ ಒಂದ್ ಮಾತು ಹೇಳೋಕೆ ಏನಾಗಿತ್ತು ನಿಂಗೆ?" ಸದರಿಯವರು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ ಬಗ್ಗೆ ದಾಖಲೆ ಇದೆ.

5. ತದನಂತರ, 'ಮನೆಯಲ್ಲಿ ಒಬ್ಬರೇ ಉಣ್ಣುವವರು ಪಾತ್ರೆ ಒಯ್ದರೆ ಅದು ಕಳವಲ್ಲ' ಎಂಬ ತಿದ್ದುಪಡಿಯನ್ನು ಅವರೇ ಮಂಡಿಸಿದರು. ಅಪರಾಧಗಳ ಪಟ್ಟಿಯನ್ನು ಕಡಿಮೆ ಮಾಡಿದ ಅವರ ಏಕೈಕ ಮಸೂದೆ ಇದಾಗಿದ್ದು, ಒಂದೇ ಒಂದು ವಿರೋಧ ಮತದೊಂದಿಗೆ ಅಂಗೀಕಾರವಾಯಿತು. ವಿರೋಧ ಮತ ಸದರಿಯವರದು. ಅಪರಾಧ ಇಳಿಸುವ ಮಸೂದೆಗಳಿಗೆಲ್ಲ 'ಬೇಡ' ಎನ್ನುವ ಅಭ್ಯಾಸಬಲದಿಂದ ಗುಂಡಿ ಒತ್ತಲಾಯಿತೆಂದು ವಿವರಣೆ ನೀಡಲಾಗಿದೆ.

6. ಬೀಳ್ಕೊಡುಗೆ ಭಾಷಣಗಳ ವೇಳೆ ಯಾರೂ ಅಳತಕ್ಕದ್ದಲ್ಲ. ತಡೆಯಲಾಗದವರು ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ಸದರಿಯವರಿಗೆ ಅನುಮತಿ ಈಗಾಗಲೇ ಮಂಜೂರಾಗಿದೆ.

ಸಹಿ/-
(ಗ್ಲಾಡಿಸ್ ಹೋಲ್ಟನ್)
ಅಧೀನ ಕಾರ್ಯದರ್ಶಿ (ಊಟೋಪಚಾರ)

ಪ್ರತಿಗಳು:
ಅ) ಠಾಣಾಧಿಕಾರಿಗಳು, ಹಾಲ್ವಿಕ್: ಶುಕ್ರವಾರ ಯಾರಾದರೂ ಶರಣಾಗಲು ಬಂದಲ್ಲಿ ಕಾಫಿ ಕೊಟ್ಟು ಕಳುಹಿಸುವುದು.
ಆ) ಕೋಟು ಕಾಯುವ ಸಿಬ್ಬಂದಿ: ಕಟ್ಟುನಿಟ್ಟಿನ ಪಾಲನೆಗಾಗಿ.
ಇ) ಶ್ರೀಮತಿ ವೆರ್ನಾ ಕ್ವಾಲೆ: ತಾವು ಗುರುವಾರಗಳಂದು ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿದ್ದು, ಅದರ ವಿರುದ್ಧ ಯಾವ ಮಸೂದೆಯೂ ಬಾಕಿ ಇರುವುದಿಲ್ಲ.