ಲಗ್ನಪತ್ರಿಕೆಯಲ್ಲಿ ಇಲ್ಲದ ಹೆಸರು

ಬೆಳಗೋಡು ಹೋಬಳಿಯಲ್ಲಿ ನಮ್ಮ ತವರಿನವರು ನಾಲ್ಕು ತಲೆಮಾರಿನಿಂದ ಕಾಫಿ ಬೆಳೆದವರು. ಊರಿನ ಶಾಲೆ ನಿಂತಿರುವ ಜಾಗ ನಮ್ಮ ಅಜ್ಜ ಕೊಟ್ಟದ್ದು. ಆ ಮನೆಯ ಹಿರಿಯ ಮಗಳು ನಾನು. ತಾಯಿ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ. ಅವನಿಗೆ ಷೂ ಲೇಸು ಕಟ್ಟಲು ಕಲಿಸಿದವಳೂ ನಾನೇ. ಕಳೆದ ವಾರ ಅವನ ಮಗಳ ಲಗ್ನಪತ್ರಿಕೆ ಬಂತು. ಅದರಲ್ಲಿ ನನ್ನ ಹೆಸರಿಲ್ಲ. ಕುಟುಂಬ ಅಂದರೆ ಯಾರು ಎಂದು ನನಗೆ ಪಾಠ ಹೇಳುವವರು ಆಗಾಗ ಸಿಗುತ್ತಲೇ ಇರುತ್ತಾರೆ. ಆದ್ದರಿಂದ ಕ್ರಮವಾಗಿಯೇ ಹೇಳುತ್ತೇನೆ.

೧. ಗೋಡೆಯ ಚಿತ್ರ

ಕಾನ್ವೆಂಟಿನಲ್ಲಿ ಸಿಸ್ಟರ್ ಗೋಡೆಗೆ ಒಂದು ಚಿತ್ರ ತೂಗುಹಾಕಿದ್ದರು: ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಂದು ಬೆಕ್ಕು. ಇದೇ ಕುಟುಂಬ ಎಂದು ಬೆತ್ತ ಹಿಡಿದು ಹೇಳಿಸುತ್ತಿದ್ದರು. ಯಜಮಾನರು ತೀರಿಹೋದ ಮೇಲೆ ಆಲೂರು ಕಡೆಯ ಅವರ ತೋಟವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಈ ಸಲ ಅಸ್ಸಾಮಿನಿಂದ ಕೊಯ್ಲಿಗೆ ಬಂದವನಿಗೆ ಆಳುಗಳ ಲೈನ್ ಮನೆ ಕೊಡುವ ಮುಂಚೆ ಕೇಳಿದೆ: "ಫ್ಯಾಮಿಲಿ ಎಷ್ಟು ಜನ?"

"ಹದಿನಾಲ್ಕು, ಮೇಡಂ."

"ಸ್ವಂತದವರು ಎಷ್ಟು ಅಂತ ಕೇಳಿದ್ದು."

"ಅನ್ನದ ಪಾತ್ರೆ ಒಂದೇ, ಮೇಡಂ. ಅಷ್ಟೂ ಜನ ಸ್ವಂತ."

ಸಿಸ್ಟರ್ ಕಲಿಸಿದ್ದನ್ನು ಅವನಿಗೆ ವಿವರಿಸಿದೆ. ಕೈಕಟ್ಟಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ: "ಬೆಕ್ಕು ಸೇರುತ್ತೆ, ಅಜ್ಜಿ ಸೇರಲ್ವಾ ಮೇಡಂ?"

೨. ಆಸ್ಪತ್ರೆಯ ಹಾಳೆ

ಅದೇ ತಿಂಗಳು ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಸಕಲೇಶಪುರದ ಆಸ್ಪತ್ರೆಯಲ್ಲಿ ನರ್ಸ್, "ಮನೆಯವರು ಯಾರಾದ್ರೂ ಸಹಿ ಹಾಕ್ಬೇಕಮ್ಮ" ಅಂದಳು. ತಮ್ಮನಿಗೆ ಫೋನ್ ಮಾಡಿದೆ.

"ಅಕ್ಕಾ, ಛತ್ರ ನೋಡಕ್ಕೆ ಬಂದಿದ್ದೀನಿ. ಸಂಜೆ ಬರ್ತೀನಿ." ಯಾವ ದಿನದ ಸಂಜೆ ಎಂದು ಹೇಳಲಿಲ್ಲ.

ಹೊರಗೆ ಹದಿನಾಲ್ಕು ಜನ ಗೋಡೆಗೊರಗಿ ಕೂತಿದ್ದರು. "ಮನೆಯವರು ಮಾತ್ರ ಇರಿ, ಬೇರೆಯವರೆಲ್ಲ ಎದ್ದೋಗಿ" ಎಂದು ನರ್ಸ್ ಕೂಗಿದಳು. ಒಬ್ಬರೂ ಏಳಲಿಲ್ಲ. ಕೊನೆಗೆ ಆ ಅಸ್ಸಾಮಿನವನ ಹೆಂಡತಿ ಸಹಿ ಹಾಕಿದಳು.

ಮಾರನೇ ದಿನ ಆ ಹಾಳೆ ತರಿಸಿ ನೋಡಿದೆ. ನನ್ನ ವಯಸ್ಸು ಮೂರು ವರ್ಷ ಜಾಸ್ತಿ ಬರೆದಿದ್ದರು, ತಿದ್ದಿಸಿದೆ. ಸಂಬಂಧ ಎಂಬಲ್ಲಿ 'ಮಗಳು' ಎಂದಿತ್ತು. ಅದನ್ನು ತಿದ್ದಿಸಲಿಲ್ಲ.

೩. ಬಾಳೆ ತಿಂದವರು

ಕಾಲಿಗೆ ಪಟ್ಟಿ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದಾಗ ಅರಣ್ಯದ ವಾಚರ್ ಓಡಿಬಂದ. "ಅಮ್ಮಾವ್ರೇ, ಇವತ್ತು ಕೊಯ್ಲು ನಿಲ್ಸಿ. ಕೆರೆ ತಾವ ಆನೆ ಬಂದವೆ. ಒಂದು ಫ್ಯಾಮಿಲಿ ಐತೆ."

"ಆನೆಗೆಂಥ ಫ್ಯಾಮಿಲಿಯೋ?"

"ಐತೆ ಕಣ್ರಮ್ಮ. ವಯಸ್ಸಾದ ಹೆಣ್ಣಾನೆ ಮುಂದೆ. ಅದು ನಿಂತ್ರೆ ಎಲ್ಲಾ ನಿಂತವೆ. ಹೆಣ್ಣಾದ್ರೆ ತಾನು ಹುಟ್ಟಿದ ಗುಂಪು ಬುಟ್ಟು ಹೋಗಲ್ಲ. ಗಂಡು ಬೆಳೀತು ಅಂದ್ರೆ ಹೊರಕ್ಕೆ!"

ಆ ಫ್ಯಾಮಿಲಿ ನನ್ನ ಬಾಳೆ ತಿಂದು, ಬೇಲಿ ಮುರಿದು, ನೀರಿನ ಪೈಪು ತುಳಿದು ಹೋಯಿತು. ಪ್ರತಿ ಸಲ ಪರಿಹಾರಕ್ಕೆ ಅರ್ಜಿ ಬರೆಯುವವಳು, ಈ ಸಲ ಬರೆಯಲಿಲ್ಲ.

೪. ಸುಖಾಗಮನ ಬಯಸುವವರು

ಇನ್ನು ಲಗ್ನಪತ್ರಿಕೆ. ಸುಖಾಗಮನ ಬಯಸುವವರು ಎಂದು ಕೆಳಗೆ ಇಪ್ಪತ್ತೊಂದು ಹೆಸರು. ಚಿಕ್ಕಪ್ಪಂದಿರು, ಅವರ ಮೊಮ್ಮಕ್ಕಳು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಹ. ಎಲ್ಲರಿಗಿಂತ ಕೊನೆಗೆ, ಒಂದು ಪಂಜದ ಗುರುತಿನ ಪಕ್ಕ, 'ಟೈಗರ್'. ಅದು ಅವರ ಮನೆಯ ನಾಯಿ.

ತಮ್ಮನಿಗೆ ಫೋನ್ ಮಾಡಿದೆ.

"ಅಕ್ಕಾ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ, ತವರಿನ ಪಟ್ಟೀಲಿ ಹಾಕೋ ಪದ್ಧತಿ ಇಲ್ಲ. ಭಾವ ಇದ್ದಿದ್ರೆ ಅವರ ಹೆಸರು ಹಾಕ್ತಿದ್ವಿ."

"ಟೈಗರ್ ಹೆಸರು ಹಾಕೋದು ಯಾವ ಪದ್ಧತಿ?"

"ಮಕ್ಕಳ ಆಸೆ ಅಕ್ಕಾ. ಅವನೂ ಮನೆಯವನೇ ಅಲ್ವಾ?"

ಟೈಗರ್ ಹುಟ್ಟಿದ್ದು ನನ್ನ ಮನೆಯ ಸೌದೆ ಕೊಟ್ಟಿಗೆಯಲ್ಲಿ. ಮರಿಯಿದ್ದಾಗ ಬುಟ್ಟಿಯಲ್ಲಿ ಮಲಗಿಸಿ, ಹಳೇ ಟವಲು ಹೊದಿಸಿ ಅವರಿಗೆ ಕೊಟ್ಟವಳು ನಾನು. ಕೊಟ್ಟ ಹೆಣ್ಣು ಹೊರಗೆ, ಕೊಟ್ಟ ನಾಯಿ ಒಳಗೆ!

ಮದುವೆಗೆ ಇನ್ನೂ ಹನ್ನೆರಡು ದಿನವಿದೆ. ಅಷ್ಟರೊಳಗೆ ತಮ್ಮ, ಫೋನಿನಲ್ಲಲ್ಲ, ನನ್ನ ಮನೆಗೆ ಬಂದು ಕ್ಷಮೆ ಕೇಳಬೇಕು.