ಅಣ್ಣನ ಪಾರ್ಟು

ಸಂಸ್ಥಾನದ ಕಾಲ. ಕಣಕಟ್ಟೆ ಹತ್ತಿರದ ಹಳ್ಳಿಯೊಂದರ ಸ್ಕೂಲಿನಲ್ಲಿ ಇಬ್ಬರು ಮೇಷ್ಟ್ರು, ಒಂದು ಕುರ್ಚಿ. ಗಂಗಾಧರಪ್ಪ ಮೇಷ್ಟ್ರ ನಿದ್ದೆ ಕೆಡಿಸಿದ್ದು ಆ ಕುರ್ಚಿಯೇ.

ಇನ್ನೊಬ್ಬ ಮೇಷ್ಟ್ರು ಸಿದ್ದಬಸಪ್ಪ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ನಾಟಕವೊಂದು ಪಾಠಕ್ಕಿತ್ತು. ಅದನ್ನು ಓದಿಸುವ ಬದಲು ಅವರು ಒಂದೊಂದು ಮಗುವನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಕೂತವರು ಅತ್ತೆಯೋ ಸೊಸೆಯೋ ಅಣ್ಣನೋ ಆಗಬೇಕು, ಮಿಕ್ಕವರು ಕೇಳಿದ ಪ್ರಶ್ನೆಗೆ ಆ ಪಾತ್ರದ ಮನಸ್ಸಿನಲ್ಲಿರುವುದನ್ನು ಹೇಳಬೇಕು. ಮಕ್ಕಳು ದನ ಕಾಯುವುದು ಬಿಟ್ಟು ಸ್ಕೂಲಿಗೆ ಓಡಿ ಬರತೊಡಗಿದರು. ಊರೆಲ್ಲ ಹೊಗಳಿತು. ಗಂಗಾಧರಪ್ಪನವರ ಹೆಂಡತಿ ವಿಶಾಲಮ್ಮನೂ ಹೊಗಳಿದರು. ಅದು ಮಾತ್ರ ಮೇಷ್ಟ್ರಿಗೆ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದ ಹಾಗಾಯಿತು.

ಅವತ್ತು ಈ ಕುರ್ಚಿ ಪಾಠ ನೋಡಲು ಅರಸೀಕೆರೆಯಿಂದ ಇನ್‌ಸ್ಪೆಕ್ಟರು ಬರುವವರಿದ್ದರು. ಇಬ್ಬರಲ್ಲಿ ಒಬ್ಬರನ್ನು ಹೆಡ್‌ಮೇಷ್ಟ್ರು ಮಾಡಿ ಹೋಗುತ್ತಾರೆಂದು ಸುದ್ದಿ. ಗಂಗಾಧರಪ್ಪ ಬೆಳಿಗ್ಗೆಯೇ ಬಂದು ಕುರ್ಚಿಯನ್ನು ತಮ್ಮ ಕ್ಲಾಸಿಗೆ ಹೊತ್ತುಕೊಂಡು ಹೋದರು. ಮುದ್ದಮ್ಮ ಎಂಬ ಹುಡುಗಿಯನ್ನು ಅತ್ತೆ ಮಾಡಿ ಕೂರಿಸಿದರು.

"ನಿಮ್ಮಜ್ಜಿ ನಿಮ್ಮವ್ವನ ಜೊತೆ ಹೆಂಗಾಡ್ತಾಳೋ ಹಂಗೇ ಹೇಳವ್ವ."

"ಸೊಸೆಗ್ಯಾಕೆ ಬೆಣ್ಣೆ ಕೊಡಾಕಿಲ್ಲ?" ಎಂದಿತು ಕ್ಲಾಸು.

"ಕೊಟ್ರೆ ತವರಿಗೆ ಸಾಗಿಸ್ತಾಳೆ. ಅದಕ್ಕೇ ರಾಗಿ ವಾಡೇವೊಳಗೆ ಬಚ್ಚಿಟ್ಟಿವ್ನಿ."

ಇನ್‌ಸ್ಪೆಕ್ಟರನ್ನು ನೋಡಲು ಬಂದು ಕಿಟಕಿಗೆ ಅಂಟಿಕೊಂಡಿದ್ದ ಅವಳ ಅಜ್ಜಿ ಹುಚ್ಚಮ್ಮ ಅರಚಿದಳು: "ನಿನ್ ಬಾಯಿಗ್ ಮಣ್ಣಾಕ! ನಿಮ್ಮವ್ವ ಇಲ್ಲೇ ನಿಂತವ್ಳಲ್ಲೇ!"

ಅವ್ವ ಈಗ ನಿಂತಿರಲಿಲ್ಲ. ಮನೆಯಲ್ಲಿ ರಾಗಿ ತುಂಬಿಡುವ ವಾಡೆಯ ಕಡೆ ಓಡಿದ್ದಳು. ಅವಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಮುದ್ದಮ್ಮ. ಅವರಿಗೆ ದಾರಿ ಬಿಟ್ಟು ಇನ್‌ಸ್ಪೆಕ್ಟರು ಒಳಗೆ ಬಂದರು. ಕುರ್ಚಿ ಖಾಲಿ. ತಂತಮ್ಮ ಮನೆಯ ಗುಟ್ಟು ನೆನೆದು ಮಿಕ್ಕ ಮಕ್ಕಳು ಯಾರೂ ಜಾಗ ಬಿಟ್ಟು ಏಳಲಿಲ್ಲ.

"ಏನ್ ಮೇಷ್ಟ್ರೇ, ಸಿದ್ದಬಸಪ್ಪನವರನ್ನೇ ಕರೀಲಾ?"

ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಗಂಗಾಧರಪ್ಪ ತಾವೇ ಕುರ್ಚಿಯಲ್ಲಿ ಧೊಪ್ಪನೆ ಕೂತರು. "ನಾನೇ ಹೊಟ್ಟೆಕಿಚ್ಚಿನ ಅಣ್ಣ. ಕೇಳ್ರೋ!"

"ನಿನ್ ತಮ್ಮನ್ನ ಕಂಡ್ರೆ ಯಾಕಣ್ಣ ಉರಕೊಂಡ್ ಸಾಯ್ತೀಯ?" ಎಂದಿತು ಕ್ಲಾಸು.

"ಯಾಕಾ? ಮೊದಲು ಬಂದೋನು ನಾನು, ಹೊಗಳಿಸ್ಕೊಳ್ಳೋನು ಅವನು! ಅವನು ಕೆಮ್ಮಿದ್ರೂ ಊರು ಅಬ್ಬಬ್ಬಾ ಅಂತೈತೆ. ನಾನು ಹನ್ನೊಂದು ವರ್ಷ ಗಂಟಲು ಹರ್ಕೊಂಡೆ, ಒಂದು ನಾಯೀನೂ ತಿರುಗಿ ನೋಡ್ಲಿಲ್ಲ. ಕಟ್ಕೊಂಡೋಳೂ 'ಅವರನ್ನ ನೋಡಿ ಕಲೀರಿ' ಅಂತಾಳೆ ಕಣ್ರೋ!"

ಹೇಳುತ್ತಾ ಹೇಳುತ್ತಾ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಇಬ್ಬರು ಮಕ್ಕಳು ಜೋರಾಗಿ ಅತ್ತರು.

ಇನ್‌ಸ್ಪೆಕ್ಟರು ಚಪ್ಪಾಳೆ ತಟ್ಟಿದರು. "ಭೇಷ್! ಎಂಥಾ ಅಭಿನಯ! ನಿಮ್ಮಂಥವರನ್ನ ರಿಪೋರ್ಟು ಬರೆಯೋಕೆ ಕೂರಿಸಿದ್ರೆ ಪಾಪ ಬರುತ್ತೆ. ಹೆಡ್‌ಮೇಷ್ಟ್ರ ಕೆಲಸ ಸಿದ್ದಬಸಪ್ಪನವರು ನೋಡ್ಕೊಳ್ಲಿ. ನೀವು ಪ್ರತಿ ಶನಿವಾರ ಬೇಲೂರು, ಹಳೇಬೀಡು ಕಡೆ ಸ್ಕೂಲುಗಳಿಗೆಲ್ಲ ಹೋಗಿ ಈ ಅಣ್ಣನ ಪಾರ್ಟು ಮಾಡಿ ತೋರಿಸ್ಬೇಕು."

ಹೊಸ ಹೆಡ್‌ಮೇಷ್ಟ್ರು ಪಕ್ಕದ ಕ್ಲಾಸಿನಿಂದ ಬಂದು ನಗುನಗುತ್ತಾ ಕೈಮುಗಿದರು. "ಗಂಗಾಧರಪ್ಪನೋರೇ, ಪಾರ್ಟು ಮರೆತುಹೋಗದಂಗೆ ದಿನಾ ಅಭ್ಯಾಸ ಇಟ್ಕೊಳ್ಳಿ."

"ಅಭ್ಯಾಸ ಯಾಕೆ ಸ್ವಾಮಿ," ಎಂದು ಗಂಗಾಧರಪ್ಪ ಹಲ್ಲು ಕಡಿದರು. "ನೀವು ದಿನಾ ಹಿಂಗೇ ನನ್ನೆದುರು ಓಡಾಡ್ತಿದ್ರೆ ಸಾಕು."